ಈ ನಂಬರ್ ಯಾರು ಬರ್ದಾರ?

2004ರ ಏಪ್ರಿಲ್ ತಿಂಗಳು. ವಿಧಾನಸಭೆ, ಲೋಕಸಭೆ ಎರಡೂ ಚುನಾವಣೆ ಒಟ್ಟಿಗೇ ಬಂದಿದ್ದವು. ನಾನು ಆಗ ರಾಯಚೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮದುವೆ ಕಾರ್ಡು, ತೇರಿನ ಕರಪತ್ರ, ಶ್ರದ್ಧಾಂಜಲಿಯ ಚೀಟಿ, ಇವುಗಳ ಮೇಲೆ ಈಗ ಕರಪತ್ರಗಳ ಸುಗ್ಗಿ. ಎರಡು ಕಂಪ್ಯೂಟರು, ಒಂದು ಲೇಸರ್ ಪ್ರಿಂಟರು, ತಗಡಿನ ಮಾಡು, ಒಂದು ಸೀಲಿಂಗ್ ಫ್ಯಾನು. ಸಂಜೆ ಆರರ ತನಕ ಹೊರಗೂ ಒಳಗೂ ಒಂದೇ ಬಿಸಿಲು.

ಎರಡು ಕಂಪ್ಯೂಟರುಗಳಲ್ಲಿ ಹೊಸದು, ಸಿಕಂದರಾಬಾದಿನಿಂದ ಬಿಡಿಭಾಗ ತಂದು ಜೋಡಿಸಿದ್ದು, ಆ ತಿಂಗಳು ಒಂದು ಚಾಳಿ ಕಲಿಯಿತು. ಮಧ್ಯಾಹ್ನ ಎರಡರ ಹೊತ್ತಿಗೆ ಇದ್ದಕ್ಕಿದ್ದಂತೆ ಆರಿಹೋಗುವುದು. ಕರೆಂಟು ಹೋಗಿರುತ್ತಿರಲಿಲ್ಲ, ಯುಪಿಎಸ್ ಕೂಗಿರುತ್ತಿರಲಿಲ್ಲ. ಪೇಜ್‌ಮೇಕರಿನಲ್ಲಿ ಅರ್ಧ ಜೋಡಿಸಿದ ಪುಟ ಸೇವ್ ಆಗದೆ ಹಾಳಾಗುತ್ತಿತ್ತು. ಒಂದು ಪಕ್ಷದವರ ಕರಪತ್ರ ಹೀಗೆ ಎರಡು ಸಲ ಹೋಯಿತು. ಆಮೇಲೆ ಅವರು ಬರಲೇ ಇಲ್ಲ.

ನಾನು ಊಟಕ್ಕೆ ಹೋಗುತ್ತಿದ್ದುದು ಎರಡಕ್ಕೆ. ಆ ಹೊತ್ತಿನಲ್ಲಿ ಅಂಗಡಿಯಲ್ಲಿ ಇರುತ್ತಿದ್ದವನು ಹದಿನೆಂಟರ ಒಬ್ಬ ಹುಡುಗ. ಟೈಪಿಂಗ್ ಕಲಿಯುತ್ತಲೇ ಕೆಲಸ ಮಾಡುತ್ತಿದ್ದ. ನಾನು ವಾಪಸು ಬಂದಾಗಲೆಲ್ಲ ಅವನದು ಒಂದೇ ಮಾತು: "ತಾನs ಬಂದ್ ಆತಣ್ಣ. ನಾ ಮುಟ್ಟಿಲ್ಲ." ಒಮ್ಮೆ ಮಾತ್ರ ಇನ್ನೊಂದು ಮಾತು ಸೇರಿಸಿದ: "ಸಿಪಿಯು ಡಬ್ಬಿ ಕೈ ಸುಡ್ತದಣ್ಣ."

ಮಾಲಕರು ಕೊನೆಗೆ ನನ್ನನ್ನು ಕೇಳಿದರು. "ನೀ ಹೇಳಪ್ಪ, ಇಂವ ಪ್ಲಗ್ ಕೀಳೂದು ನೋಡಿಯೇನು?"

"ನೋಡಿಲ್ರಿ," ಅಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಆದ್ರ ನಾ ಊಟಕ್ಕ ಹೋದಾಗs ಆಗ್ತದ ನೋಡ್ರಿ."

ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹುಡುಗನ ಕೆಲಸ ಆ ಸಂಜೆಯೇ ಹೋಯಿತು. ಮೂರನೆಯ ದಿನ ನನ್ನ ಊಟ ತಡವಾಯಿತು. ಎರಡೂ ಕಾಲಿಗೆ ನನ್ನ ಕೈ ಕೀಲಿಮಣೆಯ ಮೇಲೆ ಇದ್ದಾಗಲೇ ಕಂಪ್ಯೂಟರು ಆರಿತು.

ಎರಡು ದಿನ ನಾನು ಇದನ್ನು ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಭಾನುವಾರ. ಅಂಗಡಿಯ ಬೀಗದ ಕೈ ನನ್ನ ಬಳಿ ಇತ್ತು. ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಆಗ ಲಿನಕ್ಸ್ ಸಿಡಿಗಳು ಬರುತ್ತಿದ್ದವು. ಅಂಥದೊಂದನ್ನು ಖಾಲಿ ಇದ್ದ ಹಳೆಯ ಹಾರ್ಡ್‌ಡಿಸ್ಕಿಗೆ ಹಾಕಿದೆ. ಕಪ್ಪು ಪರದೆಯಲ್ಲಿ 'ಸೆನ್ಸರ್ಸ್-ಡಿಟೆಕ್ಟ್' ಎಂದು ಬರೆದೆ. ಅದು ಇಪ್ಪತ್ತು ಪ್ರಶ್ನೆ ಕೇಳಿತು, ಎಲ್ಲಕ್ಕೂ ಎಂಟರ್ ಒತ್ತಿದೆ. ಆಮೇಲೆ 'ಸೆನ್ಸರ್ಸ್' ಎಂದು ಬರೆದರೆ ಹತ್ತಾರು ಸಾಲುಗಳು ಉದುರಿದವು: ವೋಲ್ಟೇಜು, ಫ್ಯಾನಿನ ಸುತ್ತು, ತಾಪ. ಪ್ರೊಸೆಸರಿನ ಸಾಲಿನಲ್ಲಿ 58 ಡಿಗ್ರಿ. ಕಂಪ್ಯೂಟರಿಗೆ ಭಾರದ ಕೆಲಸ ಹಚ್ಚಿ, ಅದೇ ಆಜ್ಞೆಯನ್ನು ಮತ್ತೆ ಮತ್ತೆ ಕೊಡುತ್ತ, ಬಂದ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದುಕೊಂಡೆ. ಯಂತ್ರ ಆರಿದರೆ ಅದರೊಳಗಿನ ಬರಹವೂ ಹೋದೀತೆಂಬ ಭಯ. 1:40ಕ್ಕೆ 58. 2:05ಕ್ಕೆ 66. 2:20ಕ್ಕೆ 72. 2:24ಕ್ಕೆ 74. ಆಮೇಲೆ ಪರದೆ ಕಪ್ಪಾಯಿತು. ಬಯಾಸ್‌ನಲ್ಲಿ ನೋಡಿದರೆ, 75ಕ್ಕೆ ಯಂತ್ರ ತಾನೇ ಆರಬೇಕೆಂದು ಯಾರೋ ಆಯ್ಕೆ ಮಾಡಿಟ್ಟಿದ್ದರು.

ಕ್ಯಾಬಿನೆಟ್ ಬಿಚ್ಚಿದೆ. ಪ್ರೊಸೆಸರಿನ ಮೇಲಿನ ಹೀಟ್‌ಸಿಂಕಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಬೂದುಬಣ್ಣದ ಒಂದು ಕಂಬಳಿ. ರಾಯಚೂರು ಹತ್ತಿಯ ಊರು. ಜಿನ್ನಿಂಗ್ ಮಿಲ್ಲುಗಳ ಎಳೆ ಚಳಿಗಾಲವಿಡೀ ಗಾಳಿಯಲ್ಲಿ ಇರುತ್ತದೆ. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಒಳಗೆ ಇಳಿಯುತ್ತಿರಲಿಲ್ಲ.

ಸೋಮವಾರ ನೋಟ್‌ಬುಕ್ಕನ್ನೂ ಹತ್ತಿಯ ಕಂಬಳಿಯನ್ನೂ ಮಾಲಕರ ಮುಂದೆ ಇಟ್ಟೆ. ಕಪ್ಪು ಪರದೆಯನ್ನೂ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಈ ನಂಬರ್ ಯಾರು ಬರ್ದಾರ?" ಎಂದು ಕೇಳಿದರು.

"ಯಾರೂ ಬರ್ದಿಲ್ರಿ, ಕಂಪ್ಯೂಟರs ಹೇಳ್ತದ."

"ದಿನಾ ನಾವs ಇದರ ಮ್ಯಾಲ ಏನ್ ಬೇಕೋ ಅದನ್ನ ಬರೀತೀವಿ," ಎಂದರು. ಎದ್ದು ಹೋದರು.

ಆಗ ನನಗೆ ಸಿಟ್ಟು ಬಂದಿತ್ತು. ಆದರೆ ಆ ಪ್ರಶ್ನೆ ಸರಿಯಾದದ್ದು, ನಾನು ಕೊಟ್ಟ ಉತ್ತರ ತಪ್ಪು. ಇದು ತಿಳಿಯಲು ನನಗೆ ಸುಮಾರು ಹದಿನೈದು ವರ್ಷ ಹಿಡಿಯಿತು. ಆ 74ನ್ನು ಬರೆದವರು ಒಬ್ಬರಲ್ಲ, ಹಲವರು.

ಯಂತ್ರ ಬಿಸಿಯಾಗುತ್ತದೆ ಎಂಬುದು ಮೊದಲ ದಿನದಿಂದಲೂ ಗೊತ್ತಿದ್ದ ಸಂಗತಿ. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜನರ ಮುಂದೆ ಬಂದ ಎನಿಯಾಕ್‌ನಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಸುಮಾರು 150 ಕಿಲೋವಾಟ್ ನುಂಗುತ್ತಿತ್ತು. ಗಾಳಿ ದೂಡುವ ಬ್ಲೋವರುಗಳೂ, ಬಿಸಿ ಮೀರಿದರೆ ವಿದ್ಯುತ್ ಕಡಿಯುವ ಥರ್ಮೋಸ್ಟಾಟುಗಳೂ ಅದರಲ್ಲಿ ಇದ್ದವು. ಆದರೆ ಥರ್ಮೋಸ್ಟಾಟ್ ಅಂಕಿ ಹೇಳುವುದಿಲ್ಲ. ಇರಲೋ ಹೋಗಲೋ ಎಂಬಷ್ಟೇ ಅದರ ಭಾಷೆ. ಯಂತ್ರ ತನ್ನ ಮೈಬಿಸಿಯನ್ನು ತಾನೇ ಓದಿ, ಕೂತವನಿಗೆ ಅಂಕಿಯಲ್ಲಿ ಹೇಳುವುದು ನಮ್ಮ ಮೇಜಿನ ಕಂಪ್ಯೂಟರುಗಳಿಗೆ ಬಂದದ್ದು ಬಹಳ ತಡವಾಗಿ, 1990ರ ದಶಕದ ನಡುವಿನಲ್ಲಿ.

ಅದಕ್ಕೆ ದಾರಿ ಸಿಕ್ಕಿದ್ದು ಟಿವಿಯಿಂದ. 1982ರಲ್ಲಿ ಫಿಲಿಪ್ಸ್ ಕಂಪನಿ, ಟಿವಿಯಂಥ ಉಪಕರಣಗಳೊಳಗಿನ ಚಿಪ್ಪುಗಳು ಎರಡೇ ಎರಡು ತಂತಿಯ ಮೇಲೆ ಮಾತಾಡಿಕೊಳ್ಳಲೆಂದು ಐ-ಸ್ಕ್ವೇರ್-ಸಿ ಎಂಬ ಏರ್ಪಾಡು ಮಾಡಿತು. ಒಂದು ತಂತಿ ತಾಳ ಹಾಕುತ್ತದೆ, ಇನ್ನೊಂದರ ಮೇಲೆ ಮಾತು. ಪ್ರತಿ ಚಿಪ್ಪಿಗೂ ಒಂದು ಮನೆ ನಂಬರು. 1995ರಲ್ಲಿ ಇಂಟೆಲ್ ಮತ್ತು ಬ್ಯಾಟರಿ ಮಾಡುವ ಡ್ಯೂರಾಸೆಲ್ ಸೇರಿ ಇದನ್ನೇ ತುಸು ಬಿಗಿಗೊಳಿಸಿ ಎಸ್‌ಎಂಬಸ್ ಎಂದು ಕಂಪ್ಯೂಟರಿಗೆ ತಂದರು. ಆ ಬೀದಿಯಲ್ಲಿ ಮನೆ ಮಾಡಿದವರಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್‌ನ ಎರಡು ಚಿಪ್ಪುಗಳು ಮುಖ್ಯ. ಎಲ್‌ಎಂ75 ತಾಪವನ್ನು ಅರ್ಧರ್ಧ ಡಿಗ್ರಿಯ ಹೆಜ್ಜೆಯಲ್ಲಿ ಹೇಳುತ್ತಿತ್ತು. ಎಲ್‌ಎಂ78 ತಾಪದ ಜೊತೆ ವೋಲ್ಟೇಜನ್ನೂ ಫ್ಯಾನಿನ ಸುತ್ತನ್ನೂ ನೋಡುತ್ತಿತ್ತು. ವಿನ್‌ಬಾಂಡ್‌ನಂಥ ಕಂಪನಿಗಳು ಅದೇ ಧಾಟಿಯಲ್ಲಿ ತಮ್ಮ ಚಿಪ್ಪು ಮಾಡಿದವು. ನಮ್ಮ ಅಂಗಡಿಯ ಬೋರ್ಡಿನ ಮೇಲೆ ಇದ್ದದ್ದೂ ಅಂಥದ್ದೇ ಒಂದು.

ಚಿಪ್ಪು ಇದ್ದ ಮಾತ್ರಕ್ಕೆ ಅಂಕಿ ಪರದೆಗೆ ಬರುವುದಿಲ್ಲ. ವಿಂಡೋಸ್‌ನವರಿಗೆ ಬೋರ್ಡ್ ಕಂಪನಿಗಳು ಒಂದು ಸಿಡಿ ಕೊಡುತ್ತಿದ್ದವು. ಲಿನಕ್ಸಿನವರಿಗೆ ಯಾರೂ ಕೊಡಲಿಲ್ಲ. 1998ರ ಸುಮಾರಿಗೆ ಫ್ರೋಡೊ ಲೂಯಾರ್ಡ್ ಮತ್ತು ಫಿಲಿಪ್ ಎಡೆಲ್‌ಬ್ರಾಕ್ ಎಂಬಿಬ್ಬರು, ಎಲ್‌ಎಂ78ಕ್ಕೆಂದು ಅದಾಗಲೇ ಇದ್ದ ಒಂದು ಚಿಕ್ಕ ಪ್ರೋಗ್ರಾಮನ್ನು ಆಧಾರವಾಗಿಟ್ಟುಕೊಂಡು ಎಲ್‌ಎಂ-ಸೆನ್ಸರ್ಸ್ ಎಂಬುದನ್ನು ಕಟ್ಟತೊಡಗಿದರು. ಹೆಸರಿನ ಮೊದಲ ಎರಡಕ್ಷರ ಆ ಚಿಪ್ಪುಗಳದ್ದೇ. ಆಮೇಲೆ ಜೀನ್ ಡೆಲ್ವಾರ್‌ನಂಥವರು ವರ್ಷಗಟ್ಟಲೆ ಅದನ್ನು ಹೊತ್ತರು.

ಅವರ ಮೊದಲ ಕಷ್ಟ ನೋಡಿ. ಬೋರ್ಡಿನ ಮೇಲೆ ಯಾವ ಚಿಪ್ಪಿದೆ ಎಂದು ತಿಳಿಯಬೇಕಲ್ಲ? ಮನೆಮನೆಗೆ ಹೋಗಿ ಬಾಗಿಲು ತಟ್ಟಬೇಕು. ಕೆಲವು ಚಿಪ್ಪು ಹೆಸರು ಹೇಳುತ್ತವೆ. ಎಲ್‌ಎಂ75ಕ್ಕೆ ಹೇಳಲು ಹೆಸರೇ ಇಲ್ಲ. ಗುರುತಿನ ಅಂಕಿಯನ್ನು ಅದರೊಳಗೆ ಇಟ್ಟೇ ಇರಲಿಲ್ಲ. ಅದರ ನಡವಳಿಕೆ ನೋಡಿ ಇದು ಅದೇ ಇರಬೇಕು ಎಂದು ಊಹಿಸಬೇಕು. ನಾನು ಎಂಟರ್ ಒತ್ತುತ್ತ ಹೋದ ಆ ಸೆನ್ಸರ್ಸ್-ಡಿಟೆಕ್ಟ್ ಮಾಡುತ್ತಿದ್ದುದು ಈ ಕೆಲಸವನ್ನೇ. ಅದು ಪ್ರಾಮಾಣಿಕ ಪ್ರೋಗ್ರಾಮು. ಸಿಕ್ಕ ಚಿಪ್ಪಿನ ಹೆಸರಿನ ಪಕ್ಕದಲ್ಲಿ, ತನಗೆ ಎಷ್ಟು ಭರವಸೆ ಇದೆ ಎಂದು ಒಂದು ಅಂಕಿ ಕೊಡುತ್ತದೆ. ಭರವಸೆ 6, ಭರವಸೆ 8, ಹೀಗೆ. ಮಾಲಕರು ಕೇಳಿದಾಗ ನನ್ನ ಮಾತಿನ ಪಕ್ಕದಲ್ಲೂ ಅಂಥದೊಂದು ಅಂಕಿ ಇರಬೇಕಿತ್ತು.

ಬಾಗಿಲು ತಟ್ಟುವುದರಲ್ಲಿ ಅಪಾಯವೂ ಇತ್ತು. ಈ ಶತಮಾನದ ಮೊದಮೊದಲ ವರ್ಷಗಳಲ್ಲಿ ಐಬಿಎಂನ ಕೆಲವು ಥಿಂಕ್‌ಪ್ಯಾಡ್ ಲ್ಯಾಪ್‌ಟಾಪುಗಳು ಈ ಹುಡುಕಾಟಕ್ಕೆ ಬಲಿಯಾದವು. ಅವುಗಳಲ್ಲಿ ಆಟ್ಮೆಲ್ ಕಂಪನಿಯ ಒಂದು ಪುಟ್ಟ ನೆನಪಿನ ಚಿಪ್ಪು ಅದೇ ಎರಡು ತಂತಿಯ ಮೇಲೆ ಕೂತಿತ್ತು. ಯಂತ್ರದ ಸೀರಿಯಲ್ ನಂಬರು ಮೊದಲಾದ ಗುಟ್ಟುಗಳು ಅದರೊಳಗೆ. ಯಾರಾದರೂ ಇದ್ದೀರಾ ಎಂದು ತಟ್ಟುವ ಸದ್ದನ್ನು ಆ ಚಿಪ್ಪು ಬರೆದುಕೋ ಎಂಬ ಆಜ್ಞೆಯೆಂದು ತಪ್ಪಾಗಿ ತಿಳಿದು ತನ್ನ ಬರಹವನ್ನೇ ಕೆಡಿಸಿಕೊಳ್ಳುತ್ತಿತ್ತು. ಮುಂದಿನ ಸಲ ಲ್ಯಾಪ್‌ಟಾಪು ಏಳುತ್ತಿರಲಿಲ್ಲ. ಬೋರ್ಡ್ ಬದಲಿಸುವ ತನಕ ಖರ್ಚಿನ ಮಾತು. ಜ್ವರ ನೋಡಲು ಹೋಗಿ ರೋಗಿಯ ನೆನಪು ಅಳಿಸಿದ ಹಾಗೆ. ಲಿನಕ್ಸಿನ ಒಂದು ಡ್ರೈವರಿನಲ್ಲಿ ಅದರ ಗಾಯದ ಗುರುತು ಉಳಿದಿದೆ: ಐಬಿಎಂ ಯಂತ್ರ ಕಂಡರೆ, ನಿನ್ನ ಚಿಪ್ಪು ಕೆಟ್ಟೀತು ಎಂದು ಎಚ್ಚರಿಸಿ ತಾನು ಕೆಲಸ ಮಾಡಲು ಒಪ್ಪದೆ ಹಿಂದೆ ಸರಿಯುವ ಕೆಲವು ಸಾಲುಗಳು.

ಇನ್ನು ನಮ್ಮ 74ಕ್ಕೆ ಬರುತ್ತೇನೆ. ತಾಪವನ್ನು ಯಾವ ಚಿಪ್ಪೂ ನೇರವಾಗಿ ನೋಡುವುದಿಲ್ಲ. ಅದು ನೋಡುವುದು ವೋಲ್ಟೇಜು. ಡಯೋಡಿನಲ್ಲಿ ಒಂದೇ ಸಮ ಸಣ್ಣ ಕರೆಂಟು ಹಾಯಿಸಿದರೆ, ಬಿಸಿ ಒಂದು ಡಿಗ್ರಿ ಏರಿದಾಗ ಅದರ ವೋಲ್ಟೇಜು ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಥರ್ಮಿಸ್ಟರ್ ಎಂಬ ಇನ್ನೊಂದು ಬಗೆಯಲ್ಲಿ ಬಿಸಿ ಏರಿದಂತೆ ರೋಧ ತಗ್ಗುತ್ತದೆ. ಈ ಇಳಿತವನ್ನು ಡಿಗ್ರಿಯಾಗಿ ಬದಲಿಸಲು ಲೆಕ್ಕ ಬೇಕು, ಲೆಕ್ಕಕ್ಕೆ ಮೊದಲು ಅಲ್ಲಿರುವುದು ಯಾವ ಬಗೆ ಎಂದು ಗೊತ್ತಿರಬೇಕು. ಎಲ್‌ಎಂ-ಸೆನ್ಸರ್ಸ್‌ನ ಹಳೆಯ ಸಂರಚನಾ ಕಡತದಲ್ಲಿ ಇದನ್ನು ಕೈಯಿಂದ ತುಂಬಬೇಕಿತ್ತು. 1 ಎಂದರೆ ಪ್ರೊಸೆಸರಿನ ಒಳಗಿನ ಡಯೋಡು. 2 ಎಂದರೆ 3904 ಟ್ರಾನ್ಸಿಸ್ಟರು. ರೇಡಿಯೊ ರಿಪೇರಿ ಅಂಗಡಿಯ ಡಬ್ಬಿಯಲ್ಲಿ ಹಿಡಿಗಟ್ಟಲೆ ಸಿಗುವ ಸಾಮಾನ್ಯ ಸರಕು. 3435 ಎಂದರೆ ಥರ್ಮಿಸ್ಟರು. ತಪ್ಪು ಅಂಕಿ ತುಂಬಿದರೂ ಪರದೆ ಅಷ್ಟೇ ಗಂಭೀರವಾಗಿ ಇನ್ನೊಂದು ತಾಪವನ್ನು ತೋರಿಸುತ್ತದೆ. ಬೋರ್ಡ್ ಕಂಪನಿ ಚಿಪ್ಪಿನ ಒಂದು ಕಾಲಿಗೆ ಏನನ್ನೂ ಜೋಡಿಸದೆ ಬಿಟ್ಟಿದ್ದರೆ ಸೊನ್ನೆಗಿಂತ ನೂರು ಡಿಗ್ರಿ ಕೆಳಗಿನ ತಾಪವೂ ಕಂಡೀತು. ಬೆಂಗಳೂರಿನ ಗೆಳೆಯನೊಬ್ಬ ಅದನ್ನು ನೋಡಿ, ತನ್ನ ಕಂಪ್ಯೂಟರು ಅಂಟಾರ್ಕ್ಟಿಕಾದಲ್ಲಿದೆ ಎಂದು ಬಹಳ ದಿನ ತಮಾಷೆ ಮಾಡುತ್ತಿದ್ದ.

ನಾನು ಆ ಭಾನುವಾರ ಏನನ್ನೂ ತುಂಬಿರಲಿಲ್ಲ. ಕಡತ ಬರೆದವರ ಊಹೆ ಹೇಗಿತ್ತೋ ಹಾಗೇ ಬಿಟ್ಟಿದ್ದೆ. ಇನ್ನೊಂದು ತೊಡಕು: ಆ ಕಾಲದ ಎಷ್ಟೋ ಬೋರ್ಡುಗಳಲ್ಲಿ ಥರ್ಮಿಸ್ಟರು ಇರುತ್ತಿದ್ದುದು ಪ್ರೊಸೆಸರಿನ ಒಳಗಲ್ಲ, ಅದರ ಸಾಕೆಟ್ಟಿನ ಕೆಳಗೆ. ಹೊದ್ದ ಕೌದಿಯ ಮೇಲೆ ಥರ್ಮಾಮೀಟರ್ ಇಟ್ಟ ಹಾಗೆ. ಒಳಗಿನ ನಿಜವಾದ ಬಿಸಿ 74ಕ್ಕಿಂತ ಹೆಚ್ಚೇ ಇದ್ದಿರಬೇಕು.

ಸಾಕೆಟ್ಟಿನ ಕೆಳಗಿನ ಕಾವಲು ಎಷ್ಟು ನಿಧಾನ ಎಂಬುದನ್ನು ಜಗತ್ತಿಗೆ ತೋರಿಸಿದ್ದು 2001ರ ಸೆಪ್ಟೆಂಬರಿನಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಜಾಲತಾಣ ಹೊರತಂದ ಒಂದು ವಿಡಿಯೊ. ನಾನು ಅದನ್ನು ನೋಡಿದ್ದು ಎಷ್ಟೋ ವರ್ಷದ ಮೇಲೆ. ಕಂಪ್ಯೂಟರಿನಲ್ಲಿ ಆಟ ಓಡುತ್ತಿರುವಾಗಲೇ ಒಂದು ಕೈ ಬಂದು ಹೀಟ್‌ಸಿಂಕನ್ನು ಎತ್ತಿಬಿಡುತ್ತದೆ. ಪೆಂಟಿಯಂ 4 ಏದುಸಿರು ಬಿಡುತ್ತ ನಿಧಾನವಾಗುತ್ತದೆ, ಆದರೆ ಆಟ ಮುಂದುವರಿಯುತ್ತದೆ. ಪೆಂಟಿಯಂ 3 ಸ್ತಬ್ಧವಾಗಿ ನಿಲ್ಲುತ್ತದೆ, ಸಾಯುವುದಿಲ್ಲ. ಎಎಂಡಿಯ ಆತ್ಲಾನ್‌ನಿಂದ ಹೊಗೆ ಏಳುತ್ತದೆ, ಮುಗಿಯಿತು. ಪೆಂಟಿಯಂಗಳ ಕಾವಲುಗಾರ ಚಿಪ್ಪಿನೊಳಗೇ ಇದ್ದ. ಅವನು ಯಾರ ಅಪ್ಪಣೆಗೂ ಕಾಯಬೇಕಿರಲಿಲ್ಲ. ಆ ವಿಡಿಯೊ ಎಬ್ಬಿಸಿದ ಗದ್ದಲ ದೊಡ್ಡದು. ನಡೆಯುವ ಯಂತ್ರದ ಹೀಟ್‌ಸಿಂಕನ್ನು ಯಾರು ಕೀಳುತ್ತಾರೆ ಎಂದು ವಾದಿಸಿದವರಿದ್ದರು. ಕೀಳಲೇಬೇಕೆಂದಿಲ್ಲ, ಹತ್ತಿ ಸಾಕು ಎಂದು ನಾನು ಹೇಳಬಲ್ಲೆ.

ಒಳಗೇ ಕಾವಲು ಬಂದ ಮೇಲೆ ಅಂಕಿಯ ತಕರಾರು ಮುಗಿಯಿತೆಂದು ತಿಳಿಯಬೇಡಿ. ನಿಜವಾದ ಜಗಳ ಶುರುವಾದದ್ದೇ ಆಗ. 2006ರಲ್ಲಿ ಇಂಟೆಲ್ ತನ್ನ ಕೋರ್ ಸರಣಿಯ ಪ್ರತಿ ಕೋರಿನಲ್ಲೂ ಡಿಜಿಟಲ್ ತಾಪಮಾಪಕ ಇಟ್ಟಿತು. ಅದನ್ನು ಓದುವ 'ಕೋರ್‌ಟೆಂಪ್' ಡ್ರೈವರನ್ನು ರುಡಾಲ್ಫ್ ಮಾರೆಕ್ ಬರೆದರು. 2007ರಲ್ಲಿ ಅದು ಲಿನಕ್ಸ್ ಕರ್ನೆಲ್‌ಗೆ ಸೇರಿತು. ತಮಾಷೆ ಎಂದರೆ ಆ ಮಾಪಕ ತಾಪ ಹೇಳುವುದೇ ಇಲ್ಲ. ಗರಿಷ್ಠ ಮಿತಿಗೆ ಇನ್ನೆಷ್ಟು ಡಿಗ್ರಿ ಉಳಿದಿದೆ ಎಂದಷ್ಟೇ ಹೇಳುತ್ತದೆ. ಬಾವಿಯಲ್ಲಿ ಎಷ್ಟು ನೀರಿದೆ ಎಂದು ಕೇಳಿದರೆ, ದಡಕ್ಕೆ ಇನ್ನು ಮೂವತ್ತು ಅಡಿ ಇದೆ ಎಂದ ಹಾಗೆ. ಬಾವಿ ಎಷ್ಟು ಆಳ ಎಂದು ಗೊತ್ತಿದ್ದರೆ ಕಳೆದು ಹೇಳಬಹುದು. ಇಂಟೆಲ್ ತನ್ನ ಮೇಜಿನ ಕಂಪ್ಯೂಟರಿನ ಚಿಪ್ಪುಗಳ ಆಳವನ್ನು ಹೇಳಲಿಲ್ಲ. ಡ್ರೈವರಿನವರು 100 ಎಂದೋ 85 ಎಂದೋ ಊಹಿಸಿದರು. ಒಂದೇ ಯಂತ್ರ, ಒಂದೇ ಕ್ಷಣ. ಒಂದು ಪ್ರೋಗ್ರಾಮು 45 ಅಂದರೆ ಇನ್ನೊಂದು 60 ಅನ್ನುತ್ತಿತ್ತು. 2008ರಲ್ಲಿ ಇಂಟೆಲ್ ಕೊನೆಗೂ ಒಂದು ಪಟ್ಟಿ ಹೊರಗಿಟ್ಟಿತು. ಅದೇ ವರ್ಷದ ಹೊಸ ಪೀಳಿಗೆಯಿಂದ ಆ ಮಿತಿಯನ್ನು ಚಿಪ್ಪೇ ಹೇಳುವ ಹಾಗಾಯಿತು.

ಎಎಂಡಿಯದು ಇನ್ನೂ ವಿಚಿತ್ರ. ಅದರ ಚಿಪ್ಪುಗಳು ಕೊಡುವ ಟಿ-ಕಂಟ್ರೋಲ್ ಎಂಬ ಅಂಕಿ ಫ್ಯಾನನ್ನು ನಡೆಸಲು ಇರುವ ಒಂದು ಕಲ್ಪಿತ ಅಳತೆ, ನಿಜವಾದ ತಾಪ ಅಲ್ಲ ಎಂದು ಅದರ ಲಿನಕ್ಸ್ ಡ್ರೈವರಿನ ದಾಖಲೆಯೇ ಬಿಚ್ಚಿ ಹೇಳುತ್ತದೆ. 2017ರಲ್ಲಿ ರೈಜೆನ್ ಬಂದಾಗ 1700ಎಕ್ಸ್, 1800ಎಕ್ಸ್ ಮಾದರಿಗಳು ಬೇಕೆಂದೇ 20 ಡಿಗ್ರಿ ಕೂಡಿಸಿ ಹೇಳುತ್ತಿದ್ದವು. ಎಲ್ಲ ಮಾದರಿಯ ಫ್ಯಾನುಗಳೂ ಒಂದೇ ನಿಯಮದಲ್ಲಿ ನಡೆಯಲಿ ಎಂಬುದು ಕಂಪನಿಯ ವಿವರಣೆ. ಹೊಸ ಕಂಪ್ಯೂಟರು ಕೊಂಡು ಮೊದಲ ದಿನವೇ ಹೌಹಾರಿದವರು ಎಷ್ಟೋ.

ಲಿನಕ್ಸಿನಲ್ಲಿ ಈಗ ಇದೆಲ್ಲ ಒಂದು ಸಣ್ಣ ಕಡತದೊಳಗೆ ಕೂತಿದೆ. ಓದಿದರೆ 61000 ಎಂದು ಬರುತ್ತದೆ. ಡಿಗ್ರಿಯ ಸಾವಿರದ ಒಂದು ಭಾಗದಲ್ಲಿ ಲೆಕ್ಕ. ಕೊನೆಯ ಮೂರು ಸೊನ್ನೆ ನೋಡಿ ಎಷ್ಟು ನಿಖರ ಎಂದು ಬೆರಗಾಗುವವರಿಗೆ ನಾನು ಮೇಲಿನ ಕತೆಗಳನ್ನು ಹೇಳುತ್ತೇನೆ.

ರಾಯಚೂರಿನ ಆ ಬೇಸಿಗೆಯ ಮೇಲೆ ಬಹಳ ವರ್ಷ ನಾನು ಯಾವ ಯಂತ್ರ ಕೆಟ್ಟರೂ ಬಿಸಿ ಎನ್ನುವವನಾಗಿದ್ದೆ. ಹಾರ್ಡ್‌ಡಿಸ್ಕ್ ಹೋದರೂ ಬಿಸಿ. ಆಮೇಲೆ ಗೂಗಲ್‌ನ ಮೂವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದೆ. ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್‌ಡಿಸ್ಕುಗಳ ಲೆಕ್ಕ ಅದು. ಎಲ್ಲರೂ ನಂಬಿದ್ದಷ್ಟು ಬಿಗಿಯಾದ ಸಂಬಂಧ ಬಿಸಿಗೂ ಸಾವಿಗೂ ಅವರಿಗೆ ಕಾಣಲಿಲ್ಲ. ತೀರ ಹೆಚ್ಚಿನ ತಾಪದಲ್ಲಿ, ಅದೂ ಹಳೆಯ ಡಿಸ್ಕುಗಳಲ್ಲಿ ಅದು ಕಂಡಿತು. ಉಳಿದ ಕಡೆ ತಂಪಾಗಿದ್ದವೇ ಹೆಚ್ಚು ಕೆಟ್ಟಿದ್ದೂ ಉಂಟು. ಹುಡುಗನ ಮೇಲೆ ಹೊರಿಸಿದ್ದನ್ನು ಅಲ್ಲಿಂದ ತೆಗೆದು ನಾನು ಬಿಸಿಲಿನ ಮೇಲೆ ಹೊರಿಸುತ್ತ ಬಂದಿದ್ದೆ.

ಅಂಗಡಿಯಲ್ಲಿ ಆಮೇಲೆ ಏನಾಯಿತೆಂದರೆ, ಹತ್ತಿ ಕಿತ್ತು ಬ್ರಶ್ಶಿನಿಂದ ತಿಕ್ಕಿದ ಮೇಲೆ ಕಂಪ್ಯೂಟರು ಆರಲಿಲ್ಲ. ಮೇ ತಿಂಗಳ ನಡುಮಧ್ಯಾಹ್ನಕ್ಕೂ ಅದೇ ಸಾಲು 61 ದಾಟಲಿಲ್ಲ. ಆ 61 ನಿಜವೋ ಅಲ್ಲವೋ, 74ನ್ನು ಹೇಳಿದ ನಾಲಿಗೆಯೇ ಅದನ್ನೂ ಹೇಳಿತು. ನಡುವಿನ 13 ಡಿಗ್ರಿಯನ್ನು ನಂಬಬಹುದು. ಮಾಲಕರು ಅದನ್ನು ಗಮನಿಸಿದರು. ಒಂದು ದಿನ ತಾವಾಗಿಯೇ, "ಆ ಹುಡುಗನ್ನ ಕರೀಯಪ್ಪ," ಅಂದರು. ಅವರ ಓಣಿಗೆ ಹೋದೆ. ಅವನ ತಾಯಿ ಬಾಗಿಲಿಗೆ ಬಂದರು. ಹೈದರಾಬಾದಿಗೆ ಹೋಗಿ ತಿಂಗಳಾಯಿತು, ಕಟ್ಟಡದ ಕೆಲಸ, ಎಂದರು. ಮತ್ತೆ ಬಂದರೆ ಅಂಗಡಿಗೆ ಬರಲು ಹೇಳಿ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅವನನ್ನು ಮತ್ತೆ ಕಂಡದ್ದು 2019ರಲ್ಲಿ, ರಾಯಚೂರಿನಲ್ಲೇ ಒಂದು ಮದುವೆಯಲ್ಲಿ. ಟೈಲ್ಸ್ ಕೂರಿಸುವ ಮೇಸ್ತ್ರಿಯಾಗಿದ್ದ, ಕೈಕೆಳಗೆ ಆರೇಳು ಜನ. ಅವನೇ ಗುರುತು ಹಿಡಿದು ಬಂದು ಪಕ್ಕದ ಕುರ್ಚಿಯಲ್ಲಿ ಕೂತ. ನಾನು ಹೇಳಬೇಕೆಂದಿದ್ದದ್ದನ್ನು ಮೊದಲಿನಿಂದ ಶುರುಮಾಡಿದೆ: ಭಾನುವಾರ, ನೋಟ್‌ಬುಕ್ಕು, 58, 66, 72. ಅವನು ನಡುವೆಯೇ ನಕ್ಕ.

"ನಾ ಹೇಳಿದ್ನೆಲ್ಲಣ್ಣ ಅವತ್ತs, ಡಬ್ಬಿ ಕೈ ಸುಡ್ತದಂತ. ಏಪ್ರಿಲ್‌ನಾಗ ಎಲ್ಲಾ ಸುಡ್ತದ ಬಿಡೋ ಅಂದಿದ್ದಿ ನೀ."

ನನಗೆ ಅದು ನೆನಪಿರಲಿಲ್ಲ. ಅಷ್ಟರಲ್ಲಿ ಎರಡನೇ ಪಂಕ್ತಿಗೆ ಎಲೆ ಹಾಕಿದರೆಂದು ಯಾರೋ ಕರೆದರು. ಇಬ್ಬರೂ ಎದ್ದೆವು.